ಜಾಲಹಳ್ಳಿ ಕ್ರಾಸ್‌ನಲ್ಲಿ ಲೀಡ್ ಹುಡುಕುತ್ತಾ

2016ರ ಏಪ್ರಿಲ್ 19, ಮಂಗಳವಾರ. ಬೆಂಗಳೂರಿನ ಜಾಲಹಳ್ಳಿ ಕ್ರಾಸ್‌ನ ಮೆಟ್ರೊ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೀರಿ. ಕಾಂಕ್ರೀಟಿನ ಕಾವು ಅಂಗಿ ದಾಟಿ ಬೆನ್ನನ್ನು ಸುಡುತ್ತಿದೆ. ತುಮಕೂರು ರಸ್ತೆಯುದ್ದಕ್ಕೂ ಹೆಂಗಸರು. ಪೀಣ್ಯದ ಗಾರ್ಮೆಂಟ್ಸ್‌ಗಳಿಂದ ಎದ್ದು ಬಂದವರು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿ, ಜಡೆಗೆ ಅಂಟಿಕೊಂಡ ದಾರದ ಚೂರು. ಬೆವರಿನ ಜೊತೆ ಬಾಡಿದ ಮಲ್ಲಿಗೆಯ ವಾಸನೆ.

ಮುಂದಾಳು ಯಾರು? ಮೂವತ್ತೈದು ವರ್ಷ ವರದಿ ಮಾಡಿದ ಕಣ್ಣು ತಾನಾಗಿಯೇ ಮೈಕು, ಬಾವುಟ, ಮನವಿಪತ್ರ ಹುಡುಕುತ್ತಿದೆ. ಒಂದೂ ಕಾಣದು. 1980ರ ಕೊನೆಯಲ್ಲಿ ಐಟಿಐ, ಎಚ್‌ಎಎಲ್, ಬಿಇಎಲ್ ಕಾರ್ಮಿಕರು ಮುಷ್ಕರ ಹೂಡಿದಾಗ ನೀವು ಪತ್ರಿಕೆಗೆ ಹೊಸಬರು. ಗೇಟಿನ ಮುಂದೆ ಯೂನಿಯನ್ ಮುಖಂಡರು ಹೇಳಿದ್ದನ್ನು ಗೀಚಿಕೊಂಡು, ಓಡಿಹೋಗಿ ಅಚ್ಚಿನ ಮೊಳೆ ಜೋಡಿಸುವವರ ಕೈಗಿಟ್ಟರೆ ಕೆಲಸ ಮುಗಿಯುತ್ತಿತ್ತು. ಇಲ್ಲಿ ಯಾರನ್ನು ಕೇಳುತ್ತೀರಿ? ಹತ್ತಿರ ನಿಂತವಳನ್ನೇ ಕೇಳುತ್ತೀರಿ.

‘ಪೇಪರ್‌ನೋರಾ ಅಣ್ಣ? ಪೇಪರಲ್ಲೇ ಬಂದೈತಲ್ಲ, ಐವತ್ತೆಂಟು ವರ್ಷ ಆಗೋಗಂಟ ಪಿಎಫ್ ಕೊಡಲ್ಲ ಅಂತ.’

ಕೇಂದ್ರದ ಫೆಬ್ರುವರಿ 10ರ ಅಧಿಸೂಚನೆ ತಡೆದಿರುವುದು ಪಿಎಫ್‌ನಲ್ಲಿ ಮಾಲೀಕರ ಪಾಲನ್ನು ಮಾತ್ರ ಎಂದು ತಿದ್ದಲು ಬಾಯಿ ತೆರೆಯುತ್ತೀರಿ. ಅವಳು ಕೈ ಮುಂದೆ ಮಾಡುತ್ತಾಳೆ. ಸೂಜಿ ಹೊಕ್ಕ ತೋರುಬೆರಳಿನ ಉಗುರು ಎರಡು ಸೀಳಾಗಿ ಬೆಳೆದಿದೆ. ‘ಈ ಕೈಯಿ ಐವತ್ತೆಂಟರ ತನಕ ಹೊಲೀತದಾ? ಮಗೀಗೆ ಸ್ಕೂಲ್ ಫೀಸು ಅದ್ರಲ್ಲೇ ಕಟ್ಟಬೇಕು.’ ಸಂಬಳ ಏಳು ಸಾವಿರದ ಆಸುಪಾಸು. ಕೆಲಸ ಬಿಟ್ಟಾಗ ಒಟ್ಟಿಗೆ ಕೈಗೆ ಬರುವುದು ಆ ಪಿಎಫ್ ಒಂದೇ. ನಿಮಗೆ ಐವತ್ತೆಂಟು ತುಂಬುವುದು ಈ ಡಿಸೆಂಬರಿಗೆ. ತಿದ್ದುವ ಮಾತು ಗಂಟಲಲ್ಲೇ ಉಳಿಯುತ್ತದೆ.

ಕಲ್ಲು! ಎಲ್ಲಿಂದ ಬಂತೋ. ಗಾಜು ಪುಡಿಯಾದ ಸದ್ದು. ಲಾಠಿ, ಕಿರುಚಾಟ, ಬಿದ್ದ ಡಬ್ಬಿಗಳ ಮೇಲೆ ಓಡುವ ಚಪ್ಪಲಿಗಳು. ಅಶ್ರುವಾಯುವಿನ ಷೆಲ್ ಹೊಗೆ ಕಾರುತ್ತದೆ. ಕಣ್ಣಿಗೆ ಮೆಣಸಿನಪುಡಿ ಎರಚಿದಂತೆ, ಉಸಿರು ಒಳಗೆ ಹೋಗದು. ಮೆಟ್ರೊ ಮೆಟ್ಟಿಲ ಕಡೆ ಓಡಬೇಕೋ, ಅತ್ತ ಹೊಗೆಯೇಳುತ್ತಿರುವ ಬಸ್ಸಿನ ಕಡೆಗೋ? ಮಂಡಿ ಒಂದು ಹೇಳುತ್ತದೆ, ಕಸುಬು ಇನ್ನೊಂದು. ಯಾರೋ ತೋಳು ಹಿಡಿದು ಎಳೆಯುತ್ತಾರೆ: ‘ಕಣ್ಣುಜ್ಜಬೇಡಿ ಅಣ್ಣಾ!’

ಫೋನು. ಡೆಸ್ಕಿನ ಹುಡುಗ. ‘ಸಾರ್, ಹೆಬ್ಬಗೋಡಿ ಠಾಣೆಯಲ್ಲೂ ಗಾಡಿಗಳು ಉರೀತಿವೆ. ಬೆಂಕಿ, ಟ್ರಾಫಿಕ್ ಜಾಮ್, ಲೀಡ್ ಅದೇ ಇರಲಿ.’

ಬೆಂಕಿ ಸುಳ್ಳಲ್ಲ. ಅದನ್ನು ಮೊದಲ ಸಾಲಿಗೆ ತಂದರೆ ಬೆಳಗಾಗುವಷ್ಟರಲ್ಲಿ ಇವರೆಲ್ಲ ದೊಂಬಿಕೋರರು. ಬಿಟ್ಟರೆ ನೀವು ಸುಳ್ಳುಗಾರರು. ಟ್ರಾಫಿಕ್ಕಿನ ವಿಷಯದಲ್ಲಿ ಮಾತ್ರ ನಿಮಗೆ ಅನುಮಾನವಿಲ್ಲ. ಈ ಊರಲ್ಲಿ ಅದು ಯಾವತ್ತು ಸುದ್ದಿಯಾಗಿತ್ತು? ಬೇಕರಿಯೊಂದರ ಕಟ್ಟೆಯ ಮೇಲೆ ಕುಳಿತು, ಧಾರಾಕಾರ ಕಣ್ಣೀರಿನಲ್ಲೇ ಬರೆಯುತ್ತೀರಿ. ಮೊದಲ ಸಾಲಿಗೆ ಪಿಎಫ್, ಎರಡನೆಯದಕ್ಕೆ ಬೆಂಕಿ.

ಮತ್ತೆ ಫೋನು. ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮೊದಲು ನಿಯಮವನ್ನು ಜುಲೈ ಕೊನೆಯವರೆಗೆ ಮುಂದೂಡಿದ್ದರು, ಈಗ ವಾಪಸ್ಸೇ ಪಡೆದಿದ್ದಾರೆ. ಎರಡು ದಿನ ರಸ್ತೆಯಲ್ಲಿ ಕೂತ ಹೆಂಗಸರು ಕೇಂದ್ರವನ್ನು ಬಗ್ಗಿಸಿದ್ದಾರೆ!

‘ಹಾಗಾದ್ರೆ ಲೀಡ್ ಸಚಿವರದ್ದು ಸಾರ್. ನಿಮ್ದು ಒಳಪುಟಕ್ಕೆ, ಎರಡು ಕಾಲಂ.’

‘ಮುಖಪುಟ. ನಾಲ್ಕು.’

‘ಜಾಹೀರಾತಿದೆ ಸಾರ್.’

‘ಮೂರು ಕೊಡಪ್ಪ. ಆ ಉಗುರಿನ ಸಾಲು ಕತ್ತರಿಸಬೇಡ.’