ಹೊಳೆಯದ ಬಣ್ಣ

ಹೊಳೆಯುವುದೇ ಚೆಲುವೆಂದು ನಾವು ನಂಬಿದವರು. ಪಾತ್ರೆ ಬೆಳಗುತ್ತೇವೆ, ಬೂಟಿಗೆ ಪಾಲಿಶ್ ಹಚ್ಚುತ್ತೇವೆ, ಕಾರನ್ನು ಕನ್ನಡಿಯಂತೆ ಒರೆಸುತ್ತೇವೆ. ಹೊಳೆಯಬಾರದೆಂದೇ ಬಳಿಯುವ ಬಣ್ಣವೂ ಉಂಟೆಂದು ನಾನು ತಿಳಿದದ್ದು ಜಯಲಕ್ಷ್ಮಿಪುರಂನ ನನ್ನ ತಮ್ಮನ ಮನೆಯಲ್ಲಿ.

ಅಲ್ಲಿ ನಮ್ಮ ದಿವಂಗತ ತಂದೆಯವರ ಮಾರುತಿ 800 ನಿಂತಿತ್ತು. ಮಾರಲು ಮನಸ್ಸಾಗದೆ ತಮ್ಮ ಅದಕ್ಕೆ ಸ್ವತಃ ಬೂದುಬಣ್ಣದ ಮ್ಯಾಟ್ ಲೇಪ ಕೊಡಲು ನಿಶ್ಚಯಿಸಿದ. ಬಣ್ಣ ಬದಲಾದರೆ ನೋಂದಣಿ ಪತ್ರದಲ್ಲಿಯೂ ದಾಖಲಾಗಬೇಕಾದ್ದರಿಂದ ಸಾರಿಗೆ ಕಚೇರಿಯ ಅನುಮತಿಯನ್ನು ಮೊದಲೇ ಪಡೆದಿದ್ದ. ರಜೆಗೆ ಹೋಗಿದ್ದ ನಾನು ಅವನ ಸಹಾಯಕನಾದೆ.

ಹೊಳಪಿನ ಬಣ್ಣದ ನುಣುಪಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ಮ್ಯಾಟ್ ಬಣ್ಣದಲ್ಲಿ ಬೆರೆತ ಸಿಲಿಕಾದಂತಹ ಸೂಕ್ಷ್ಮ ಕಣಗಳು ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ಒರಟಾಗಿಸಿ ಬೆಳಕನ್ನು ಎಲ್ಲೆಡೆ ಚದುರಿಸುತ್ತವೆ. ಆ ಕಣಗಳು ತಳದಲ್ಲಿ ಕೂರುವುದರಿಂದ ಡಬ್ಬಿಯನ್ನು ಚೆನ್ನಾಗಿ ಕಲಕಬೇಕು.

ಆದರೆ ಡಬ್ಬಿ ತೆರೆಯುವ ಮುನ್ನವೇ ಮೂರು ದಿನಗಳು ಕಳೆದವು. ತೊಳೆದೆವು, ಜಿಡ್ಡು ತೆಗೆದೆವು, ತುಕ್ಕು ಕೆರೆದೆವು, ತಗ್ಗುಗಳಿಗೆ ಪುಟ್ಟಿ ತುಂಬಿದೆವು. ವಾಟರ್ ಪೇಪರಿನಿಂದ ಮೊದಲು 400, ಬಳಿಕ 600ರಲ್ಲಿ ಉಜ್ಜಿ ಪ್ರೈಮರ್ ಕೊಟ್ಟು ಮತ್ತೆ ಉಜ್ಜಿದೆವು. ಹಾರ್ಡನರ್ ಬೆರೆಸುವ ಬಣ್ಣದ ಮಂಜು ಶ್ವಾಸಕೋಶಕ್ಕೆ ಅಪಾಯಕಾರಿ, ಬಟ್ಟೆಯ ಮುಖಗವಸು ಅದನ್ನು ತಡೆಯದು. ಆದ್ದರಿಂದ ತಮ್ಮ ಅದನ್ನು ಬೆರೆಸಬೇಕಿಲ್ಲದ ಬಣ್ಣವನ್ನೇ ಆರಿಸಿ, ರಾಸಾಯನಿಕ ಆವಿ ತಡೆಯುವ ಮುಖಗವಸನ್ನೂ ತಂದಿದ್ದ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಸ್ಪ್ರೇ ಗನ್ನನ್ನು ಒಂದೇ ದೂರದಲ್ಲಿ, ಒಂದೇ ವೇಗದಲ್ಲಿ ಚಲಿಸುತ್ತ, ತೆಳುವಾದ ಲೇಪಗಳನ್ನು ಒಂದಾದ ಮೇಲೊಂದು ಕೊಟ್ಟ.

ಮರುದಿನ ಮುಂಜಾನೆ ಬಾನೆಟ್ಟಿನ ಮೇಲೆ ಧೂಳಿನ ಒಂದು ಕಣ ಅಂಟಿರುವುದು ನನ್ನ ಕಣ್ಣಿಗೆ ಬಿತ್ತು. ಎಲ್ಲರೂ ಮಲಗಿದ್ದರು. ಸರಿಪಡಿಸುವ ಹುಮ್ಮಸ್ಸಿನಲ್ಲಿ ಪಾಲಿಶ್ ಹಚ್ಚಿ ಉಜ್ಜಿದೆ. ಕಣ ಹೋಯಿತು, ಅಂಗೈಯಗಲದ ಹೊಳಪು ಮೂಡಿತು. ಒರಟುತನವೇ ಮ್ಯಾಟ್‌ನ ಜೀವ, ಅದನ್ನೇ ನಾನು ಸವೆಸಿದ್ದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಮತದಾರರ ಬೆರಳಿನ ಶಾಯಿಯನ್ನೂ ತಯಾರಿಸುತ್ತಿದೆ. ಆ ಗುರುತು ಉಜ್ಜಿದರೆ ಹೋಗದು. ನನ್ನ ಗುರುತಂತೂ ಉಜ್ಜಿದಷ್ಟೂ ಹೆಚ್ಚು ಹೊಳೆಯಿತು.

ತಮ್ಮ ಎದ್ದು ಬಂದು ನೋಡಿದ. ಹತ್ತು ವರ್ಷದ ಮಗನನ್ನು ಕರೆದು ಗದರಿಸಿದ. ಹುಡುಗ ಅಳುತ್ತ ಒಳಹೋದ. ನಾನು ಕೈಯಲ್ಲಿದ್ದ ಕಾಫಿ ಲೋಟವನ್ನೇ ನೋಡುತ್ತ ನಿಂತಿದ್ದೆ. ಇಪ್ಪತ್ತೈದು ವರ್ಷಗಳಿಂದ ಜನರ ಪಾಪನಿವೇದನೆ ಕೇಳುತ್ತ ಬಂದವನು ನಾನು. ಒಂದು ವಾಕ್ಯ ಹೇಳಲು ನನಗೆ ಮಧ್ಯಾಹ್ನದ ಊಟದವರೆಗೆ ಬೇಕಾಯಿತು. ಮೊದಲು ಹುಡುಗನಿಗೆ ಹೇಳಿದೆ, ನಂತರ ಅವನಪ್ಪನಿಗೆ.

"ಆಗಲೇ ಹೇಳಬಾರದಿತ್ತೇನಣ್ಣಾ? ಡಬ್ಬಿಯಲ್ಲಿ ಇನ್ನೂ ಬಣ್ಣ ಇದೆ," ಎಂದ ತಮ್ಮ.

ಮ್ಯಾಟ್‌ನಲ್ಲಿ ಕಲೆಯಿರುವಷ್ಟಕ್ಕೆ ಮಾತ್ರ ತೇಪೆ ಹಾಕಿದರೆ ಅಂಚು ಎದ್ದು ಕಾಣುತ್ತದೆ. ಇಡೀ ಬಾನೆಟ್ಟನ್ನೇ ಮತ್ತೆ ಉಜ್ಜಿ ಬಳಿಯಬೇಕಾಯಿತು. ಈ ಸಲ ವಾಟರ್ ಪೇಪರ್ ಹಿಡಿದವರು ನಾನು ಮತ್ತು ಆ ಹುಡುಗ. ಅಂಚಿನಲ್ಲಿ ನಾನು ಅವಸರಪಟ್ಟಾಗ, "ದೊಡ್ಡಪ್ಪಾ, ನಿಧಾನ," ಎಂದು ಅವನೇ ನನ್ನ ಕೈ ಹಿಡಿದ.