ಧಾರೆಯ ತಂಬಿಗೆ

ನಮ್ಮ ಮನೆಗಳ ಮದುವೆಗೆ ಸಂಗೀತ್ ಯಾವಾಗ ಬಂತು ಎಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಹಾಸನದ ಕಡೆಯ ನಮಗೆ ಗೊತ್ತಿದ್ದದ್ದು ನಾಂದಿ, ವರಪೂಜೆ, ಕಾಶಿಯಾತ್ರೆ, ಧಾರೆ, ಲಾಜಹೋಮ, ಸಪ್ತಪದಿ. ಈಗ ಮದುವೆ ಪುಣೆಯಲ್ಲಾದರೂ ಒಂದೇ, ಹಾಸನದಲ್ಲಾದರೂ ಒಂದೇ. ಹಳದಿಗೆ ಹಳದಿ ಬಟ್ಟೆ, ಮೆಹಂದಿಗೆ ಹಸಿರು. ಫೋಟೋದವನು 'ಇನ್ನೊಂದು ಸಲ ಸ್ವಾಮಿ' ಎಂದರೆ ಪುರೋಹಿತರು ಅಂತರಪಟವನ್ನು ಮತ್ತೆ ಎತ್ತಿ ಹಿಡಿಯುತ್ತಾರೆ. ಇದಕ್ಕೆಲ್ಲ ಯಾರೂ ಶಾಸ್ತ್ರ ಕೇಳಿದ್ದನ್ನು ನಾನು ನೋಡಿಲ್ಲ.

ಶಾಸ್ತ್ರ ಕೇಳಿದ್ದು ಹೋದ ವರ್ಷ, ಅಕ್ಕನ ಮಗಳ ಮದುವೆ ಪುಣೆಯಲ್ಲಿ ನಿಶ್ಚಯವಾದಾಗ. ಹುಡುಗ ಮರಾಠಿ, ಅದಕ್ಕೆ ಯಾರದೂ ತಕರಾರಿರಲಿಲ್ಲ. ಭಾವ ತೀರಿಕೊಂಡು 11 ವರ್ಷವಾಗಿತ್ತು. ಹಾಗಾಗಿ ಧಾರೆಗೆ ನಾನೂ ನನ್ನ ಹೆಂಡತಿಯೂ ಕೂರುವುದೆಂದು ಹಿರಿಯರು ತೀರ್ಮಾನಿಸಿದ್ದರು. ಮದುಮಗಳು ಫೋನ್ ಮಾಡಿದಳು. "ಮಾಮ, ಬೇಜಾರು ಮಾಡ್ಕೋಬೇಡಿ. ಅಮ್ಮನೇ ಎರೀಬೇಕು. ಇಲ್ಲಾಂದ್ರೆ ರಿಜಿಸ್ಟ್ರಾರ್ ಆಫೀಸಲ್ಲಿ ಸಹಿ ಹಾಕ್ತೀವಿ, ಅಷ್ಟೇ."

ಧಾರೆಯಲ್ಲಿ ಮಗಳ ಕೈಯನ್ನು ವರನ ಕೈಗಿಟ್ಟು ಅಪ್ಪ ಹಿಡಿದುಕೊಂಡಿರುತ್ತಾನೆ, ಅಮ್ಮ ತಂಬಿಗೆಯಿಂದ ನೀರು ಎರೆಯುತ್ತಾಳೆ. ಪುರೋಹಿತರು ಎರಡೂ ಕಡೆಯ ಗೋತ್ರ ಹೇಳಿ, ಮುತ್ತಜ್ಜ, ಅಜ್ಜ, ಅಪ್ಪ ಎಂದು ಮೂರು ತಲೆಮಾರು ಎಣಿಸುತ್ತಾರೆ. ಮೂರೂ ಗಂಡಸರ ಹೆಸರು. ತಾಯಿಗೆ ಇರುವುದು ಆ ತಂಬಿಗೆಯೊಂದೇ. ಗಂಡ ಹೋದರೆ ಅದೂ ಇಲ್ಲ.

ಕಾಗದ ಪತ್ರ ಓದಿ ನೋಡುವುದು ನನ್ನ ವೃತ್ತಿಯ ಚಟ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನಲ್ಲಿ ಕನ್ಯಾದಾನದ ಸುದ್ದಿಯೇ ಇಲ್ಲ. ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣ. ಕನ್ಯಾದಾನ ಕಡ್ಡಾಯವಲ್ಲವೆಂದು ಅಲಹಾಬಾದ್ ಹೈಕೋರ್ಟ್ 2024ರಲ್ಲಿ ಹೇಳಿಯೂ ಆಗಿದೆ. ಕುವೆಂಪು ಅವರ ಮಂತ್ರಮಾಂಗಲ್ಯವಂತೂ ನಮ್ಮಲ್ಲೇ ಇದೆ. 1966ರಲ್ಲಿ ತೇಜಸ್ವಿಯವರ ಮದುವೆ ಆದದ್ದು ಹಾಗೆಯೇ. ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಕೇಳಿಸಿಕೊಂಡು, "ನಂಗೆ ಹೋಮ, ಮಂತ್ರ ಎಲ್ಲ ಬೇಕು ಕಣೋ. ನಾನು ಮಾತ್ರ ಬೇಡ" ಎಂದಳು.

ಊರಿನ ಪುರೋಹಿತರು ಒರಟಾಗಿಯೇನೂ ಮಾತಾಡಲಿಲ್ಲ. "ನನ್ನ ಕೈಲಿ ಆಗೋದಿಲ್ಲಪ್ಪ, ನಾಳೆ ಬೇರೆ ಮನೆಗಳಿಗೂ ಹೋಗಬೇಕಲ್ಲ" ಎಂದರು. ಅವರ ಕಷ್ಟ ಅವರದು. ಪುಣೆಯಲ್ಲಿ ಇನ್ನೊಂದು ದಾರಿಯಿತ್ತು. ಇಲ್ಲಿನ ಜ್ಞಾನಪ್ರಬೋಧಿನಿ ಹೆಂಗಸರಿಗೂ ಪೌರೋಹಿತ್ಯ ಕಲಿಸುತ್ತದೆ. ಹುಡುಗನ ಮನೆಯವರ ಪರಿಚಯದಿಂದ ಅಲ್ಲಿ ಕಲಿತ ಹೆಂಗಸೊಬ್ಬರು ಸಿಕ್ಕರು. ನಾನು ಮರಾಠಿಯಲ್ಲಿ ತಡವರಿಸುತ್ತ ವಿಷಯ ಬಿಡಿಸಿ ಹೇಳುತ್ತಿದ್ದರೆ ಅವರು ಕೇಳಿದ್ದು ಒಂದೇ: ಹುಡುಗಿಯನ್ನು ಬೆಳೆಸಿದವರು ಯಾರು? ಹಾಗಾದರೆ ಅವರೇ ಎರೆಯಲಿ. ಸಂಕಲ್ಪದಲ್ಲಿ ತಾಯಿ, ಅಜ್ಜಿಯರ ಹೆಸರನ್ನೂ ಹೇಳುತ್ತೇನೆ, ಬರೆದುಕೊಡಿ ಎಂದರು. ಮುತ್ತಜ್ಜಿಯ ಹೆಸರಿಗಾಗಿ ನಾಲ್ಕು ಊರಿಗೆ ಫೋನ್ ಮಾಡಬೇಕಾಯಿತು!

ಉಳಿದದ್ದು ಅಕ್ಕ. ಅವಳ ಭಯಕ್ಕೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ. "ನಾಳೆ ಇವರಿಬ್ಬರಿಗೆ ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ಕೈಯಿಂದ ಆಯ್ತು ಅಂತಾರೆ." ಅನ್ನುವವರು ಇದ್ದಾರೆ, ಇಲ್ಲವೆಂದು ನಾನು ಸುಳ್ಳು ಹೇಳಲಿಲ್ಲ. ಮಗಳೇ ಹೇಳಿದಳು: "ಎಂಜಿನಿಯರಿಂಗ್ ಫೀಸು ಕಟ್ಟಿದ್ದೂ ಅದೇ ಕೈ ಅಲ್ವೇನಮ್ಮ, ಆಗ ನಂಗೇನಾಯ್ತು?" ಅಕ್ಕ ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದಳು. ಮೂರು ದಿನ ಕಳೆದ ಮೇಲೆ, ಧಾರೆಗೆ ಯಾವ ಸೀರೆ ಉಡಲಿ ಎಂದು ನನ್ನ ಹೆಂಡತಿಯನ್ನು ಕೇಳಿದಳಂತೆ.

ಮುಹೂರ್ತಕ್ಕೆ ನಾನು ಸೋದರಮಾವನಾಗಿ ಮದುಮಗಳ ಹಿಂದೆ ನಿಂತೆ. ಆ ಜಾಗ ಮರಾಠಿಗರಲ್ಲೂ ಮಾಮನದೇ. ಅಕ್ಕನ ಕೈ ನಡುಗಿ ನೀರು ಒಮ್ಮೆಲೇ ಸುರಿದು ಹುಡುಗನ ಜುಬ್ಬಾದ ತೋಳು ಪೂರ್ತಿ ನೆನೆಯಿತು. ಅವನು ಕೈ ಅಲುಗಿಸಲಿಲ್ಲ. ನಮ್ಮ ದೊಡ್ಡಮ್ಮ ಆ ಹೊತ್ತಿಗೆ ಕಾಫಿಗೆಂದು ಕೆಳಗೆ ಹೋಗಿದ್ದವರು ಊಟದ ಪಂಕ್ತಿಗೆ ವಾಪಸು ಬಂದರು. ಹೋಳಿಗೆ ಎರಡು ಸಲ ಹಾಕಿಸಿಕೊಂಡರು.

ಸಂಜೆ ಹೊರಟ ಹೆಂಗಸರಿಗೆ ಅರಿಶಿನ ಕುಂಕುಮ ಕೊಡುವ ಹೊತ್ತಾಯಿತು. ಯಾರೋ ತಟ್ಟೆ ತಂದು ಅಕ್ಕನ ಕೈಗೆ ಕೊಟ್ಟರು. ಅವಳು ಅದನ್ನು ನನ್ನ ಹೆಂಡತಿಗೆ ದಾಟಿಸಿ, ತಾಂಬೂಲದ ಚೀಲಗಳನ್ನು ಎಣಿಸತೊಡಗಿದಳು.