ರ‍್ಯಾಮ್‌ನ ವೇಗ ಮತ್ತು ಐದು ಸಾವಿರ ರೂಪಾಯಿ

ಕಂಪ್ಯೂಟರ್ ನಿಧಾನವಾಯಿತು ಎಂದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ: ‘ರ‍್ಯಾಮ್ ಬದಲಿಸಿ.’ ಎಷ್ಟು ವೇಗದ ರ‍್ಯಾಮ್, ಆ ವೇಗದಿಂದ ನಮ್ಮ ಕೆಲಸಕ್ಕೆ ಏನು ಲಾಭ ಎಂದು ಕೇಳುವವರು ಕಡಿಮೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಖರ್ಚು ಮಾಡುವ ಮೊದಲು ಅದರಿಂದ ಬರುವ ಲಾಭವನ್ನು ನೋಡಬೇಕೆಂದು ನಮಗೆ ಕಲಿಸುತ್ತಾರೆ. ನಮ್ಮ ಮನೆಯ ಕಂಪ್ಯೂಟರಿನ ವಿಷಯದಲ್ಲೂ ಹಾಗೆಯೇ ಲೆಕ್ಕ ಹಾಕಿ ನೋಡಿದೆವು.

ನನ್ನ ಅಣ್ಣ ಆರು ಸಣ್ಣ ಅಂಗಡಿಗಳ ಲೆಕ್ಕ ಬರೆಯುತ್ತಾನೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್ ಮೂರೂ ಒಟ್ಟಿಗೆ ತೆರೆದಿರಬೇಕು. ತಿಂಗಳ 20ನೇ ತಾರೀಕಿನೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸದಿದ್ದರೆ ಅಂಗಡಿಯವರಿಗೆ ದಂಡ, ಅಣ್ಣನಿಗೆ ಗಿರಾಕಿ ನಷ್ಟ. ಆ ದಿನಗಳಲ್ಲೇ ನಮ್ಮ ಕಂಪ್ಯೂಟರ್ ನಿಂತು ನಿಂತು ನಡೆಯುತ್ತಿತ್ತು. ದಾದಿ ನೋಡಿ, ‘ಇಸ್ಕಿ ಯಾದ್‌ದಾಶ್ತ್ ಕಮ್‌ಜೋರ್ ಹೋಗಯಿ, ಬಾದಾಮ್ ಖಿಲಾವ್’ ಎಂದು ನಗುತ್ತಿದ್ದರು. ನೆನಪಿನ ಶಕ್ತಿ ಕುಂದಿದೆ, ಬಾದಾಮಿ ತಿನ್ನಿಸಿ ಎಂದರ್ಥ.

ಅದರಲ್ಲಿ ಇದ್ದದ್ದು ಇಂಟೆಲ್ ಐ3-8100 ಪ್ರೊಸೆಸರ್, 2400 ವೇಗದ ಒಂದೇ ಒಂದು 4 ಜಿಬಿ ರ‍್ಯಾಮ್, ಮತ್ತು ಹಳೆಯ ಹಾರ್ಡ್ ಡಿಸ್ಕ್. ಅದನ್ನು ತೆಗೆದು 3200 ವೇಗದ 8 ಜಿಬಿ ರ‍್ಯಾಮ್ ಹಾಕಿಸಿ ಎಂದು ರಿಪೇರಿ ಅಂಗಡಿಯವರು ಸಲಹೆ ಕೊಟ್ಟರು. ಅಮ್ಮಿ ಬಟ್ಟೆ ಹೊಲಿದು ಕೂಡಿಟ್ಟ ಐದು ಸಾವಿರ ರೂಪಾಯಿ ಮಾತ್ರ ನಮ್ಮ ಬಳಿ ಇತ್ತು. ಅದು ಒಮ್ಮೆ ಖರ್ಚಾದರೆ ಮತ್ತೆ ಕೂಡಲು ತಿಂಗಳುಗಳು ಬೇಕು.

ಮೊದಲು 3200 ಎಂದರೆ ಏನು ನೋಡೋಣ. ಸೆಕೆಂಡಿಗೆ 320 ಕೋಟಿ ಸಲ, ಪ್ರತಿ ಸಲ 8 ಬೈಟ್ ಸಾಗಿಸಬಲ್ಲದು. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ. 2400ರದ್ದು 19.2 ಜಿಬಿ. ಆದರೆ ಐ3-8100 ಗುರುತಿಸುವ ಗರಿಷ್ಠ ವೇಗವೇ 2400. ಅದರಲ್ಲಿ 3200ರ ರ‍್ಯಾಮ್ ಹಾಕಿದರೂ ಅದು 2400ರಲ್ಲೇ ಓಡುತ್ತದೆ. ಬದಲಿಗೆ 2400ರದ್ದೇ ಎರಡು ರ‍್ಯಾಮ್‌ಗಳನ್ನು ಎರಡು ಚಾನೆಲ್‌ಗಳಲ್ಲಿ ಹಾಕಿದರೆ ದಾರಿ ಎರಡಾಗಿ ಸೆಕೆಂಡಿಗೆ 38.4 ಜಿಬಿ ಸಾಗಬಹುದು. ಒಂಟಿ 3200ಕ್ಕಿಂತ ಜೋಡಿ 2400 ಮೇಲು!

ಇನ್ನೊಂದು ವಿಷಯವಿದೆ. ವೇಗ ಹೆಚ್ಚಿದರೂ ಕಾಯುವ ಸಮಯ ಅಷ್ಟಾಗಿ ಇಳಿಯುವುದಿಲ್ಲ. ಸಿಎಲ್11 ಇರುವ ಡಿಡಿಆರ್3-1600 ಮತ್ತು ಸಿಎಲ್22 ಇರುವ ಡಿಡಿಆರ್4-3200 ಎರಡರಲ್ಲೂ ಆ ಕಾಯುವಿಕೆ 13.75 ನ್ಯಾನೋಸೆಕೆಂಡ್. ವೇಗ ಎರಡರಷ್ಟು, ಕಾಯುವಿಕೆ ಅಷ್ಟೇ. ಇದಲ್ಲದೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಪ್ರೊಸೆಸರ್ ತನ್ನೊಳಗಿನ ಕ್ಯಾಶ್‌ನಲ್ಲೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ಲೆಕ್ಕ ಬರೆಯುವಂತಹ ಕೆಲಸದಲ್ಲಿ ರ‍್ಯಾಮ್ ವೇಗದ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ.

ಹಾಗಾದರೆ ನಿಜವಾದ ತೊಂದರೆ ಎಲ್ಲಿತ್ತು? ಒಂದು ಕಿರಾಣಿ ಅಂಗಡಿಯನ್ನು ನೆನೆಯಿರಿ. ಕ್ಯಾಶ್ ಎಂದರೆ ಗಲ್ಲಾದ ಮೇಜು, ರ‍್ಯಾಮ್ ಎಂದರೆ ಹಿಂದಿನ ಕಪಾಟು, ಹಾರ್ಡ್ ಡಿಸ್ಕ್ ಎಂದರೆ ಊರಾಚೆಯ ಗೋದಾಮು. ಕಪಾಟು ತುಂಬಿಹೋದರೆ ಪ್ರತಿ ಸಾಮಾನಿಗೂ ಗೋದಾಮಿಗೆ ಓಡಬೇಕು. ರ‍್ಯಾಮ್‌ನಿಂದ ಉತ್ತರ ಬರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದರೆ ಒಂದು ಲಕ್ಷ ಪಟ್ಟು. ಒಂದು ನಿಮಿಷದ ಕೆಲಸಕ್ಕೆ 69 ದಿನ ಹಿಡಿದಂತೆ! ದಾದಿಯ ಮಾತು ಅರ್ಧ ನಿಜ. ನಮ್ಮ ಕಂಪ್ಯೂಟರಿನ ನೆನಪು ನಿಧಾನವಾಗಿರಲಿಲ್ಲ, ಚಿಕ್ಕದಾಗಿತ್ತು.

ಆದ್ದರಿಂದ ಹಳೆಯ ರ‍್ಯಾಮ್ ತೆಗೆಯದೆ, ಪಕ್ಕದ ಖಾಲಿ ಸ್ಲಾಟಿನಲ್ಲಿ 2400ರದ್ದೇ ಇನ್ನೊಂದು 4 ಜಿಬಿ ಹಾಕಿದೆವು. ಉಳಿದ ಹಣದಲ್ಲಿ ಒಂದು ಸಣ್ಣ ಎಸ್‌ಎಸ್‌ಡಿ ಬಂತು. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಆನ್ ಆಗುತ್ತಿದ್ದ ಕಂಪ್ಯೂಟರ್ ಈಗ ಅರ್ಧ ನಿಮಿಷದೊಳಗೆ ಸಿದ್ಧ. ಮುಂದಿನ 20ನೇ ತಾರೀಕಿಗೆ ಅಣ್ಣ ರಾತ್ರಿ ಹತ್ತಕ್ಕೇ ಮಲಗಿದ.

ವೇಗಕ್ಕೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಭಾಗವೂ ಇದೇ ರ‍್ಯಾಮನ್ನು ಬಳಸುತ್ತದೆ. ಅಲ್ಲಿ ಗೇಮ್ ಆಡುವವರಿಗೆ ವೇಗದ ಜೋಡಿ ರ‍್ಯಾಮ್‌ನಿಂದ ಚೆನ್ನಾಗಿಯೇ ಲಾಭವಿದೆ. ಅರ್ಥಶಾಸ್ತ್ರದಲ್ಲಿ ಓದಿದ ಸೀಮಾಂತ ತುಷ್ಟಿಗುಣದ ಪಾಠ ಇಲ್ಲಿಗೂ ಸಲ್ಲುತ್ತದೆ: ಮುಂದಿನ ಒಂದು ರೂಪಾಯಿ ಎಲ್ಲಿ ಹೆಚ್ಚು ಉಪಯೋಗ ಕೊಡುತ್ತದೋ ಅಲ್ಲಿ ಹಾಕಬೇಕು.

ಗೆಳೆಯರೇ, ಹಣ ಕೊಡುವ ಮುಂಚೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ನೋಡಿ. ಎಷ್ಟು ತುಂಬಿದೆ, ಯಾವ ವೇಗದಲ್ಲಿ ಓಡುತ್ತಿದೆ, ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಲ್ಲವೂ ಅಲ್ಲಿದೆ. ಯಾವಾಗಲೂ ತುಂಬಿಯೇ ಇದ್ದರೆ ಗಾತ್ರ ಹೆಚ್ಚಿಸಿ. ಮೆಮೊರಿ ಖಾಲಿಯಿದ್ದೂ ಡಿಸ್ಕ್ 100 ಶೇಕಡಾ ತೋರಿಸುತ್ತಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಇವೆರಡೂ ಸರಿಯಿದ್ದರೆ ಆಮೇಲೆ ವೇಗದ ಮಾತು. ಇಷ್ಟು ನೋಡಲು ಎರಡು ನಿಮಿಷ ಸಾಕು, ಒಂದು ಪೈಸೆಯೂ ಖರ್ಚಿಲ್ಲ.